ಅಪ್ಪನ ಯೆಜ್ಡಿ ಸದ್ದು ಮಾಡುತ್ತಿದೆ, ಎಂಜಿನ್ ಬಿಚ್ಚಿಸಬೇಕಾ?

ಪ್ರಶ್ನೆ: ಸರ್, ನಮ್ಮೂರು ಸಕಲೇಶಪುರದ ಹತ್ತಿರ. ಅಪ್ಪನ 1988ರ ಯೆಜ್ಡಿ ರೋಡ್‌ಕಿಂಗ್ ಬೈಕ್ ನಾಲ್ಕು ವರ್ಷ ಕೊಟ್ಟಿಗೆಯಲ್ಲೇ ನಿಂತಿತ್ತು. ಅಪ್ಪ ಹೋದ ಮೇಲೆ ಯಾರೂ ಅದನ್ನು ಮುಟ್ಟಿರಲಿಲ್ಲ. ಮೂರು ತಿಂಗಳ ಹಿಂದೆ ಟ್ಯಾಂಕ್ ತೊಳೆಸಿ, ಕಾರ್ಬೊರೇಟರ್ ಕ್ಲೀನ್ ಮಾಡಿಸಿ, ಹೊಸ ಪ್ಲಗ್, ಹೊಸ ಪಾಯಿಂಟ್ ಹಾಕಿಸಿ ಸ್ಟಾರ್ಟ್ ಮಾಡಿಸಿದೆ. ಈಗ ಮೂರು ಸದ್ದು ಬರುತ್ತಿವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬ್ಲಾಕ್‌ನಿಂದ ಜೋರಾಗಿ ಟಕಟಕ ಅನ್ನುತ್ತದೆ, ಐದು ನಿಮಿಷ ಓಡಿದರೆ ತುಂಬಾ ಕಡಿಮೆಯಾಗುತ್ತದೆ. ಗಾಡಿ ಸ್ಲೋನಲ್ಲಿ, ಅಂದರೆ ಎಕ್ಸಲೇಟರ್ ಕೊಡದೆ, ನಿಂತಾಗ ಎಡಗಡೆಯಿಂದ ಗರಗರ, ಕ್ಲಚ್ ಹಿಡಿದರೆ ಆ ಸದ್ದು ಬದಲಾಗುತ್ತದೆ. ಸುಬ್ರಹ್ಮಣ್ಯದಿಂದ ಬಿಸಿಲೆ ಘಾಟಿ ಹತ್ತುವಾಗ ಮೂರನೇ ಗೇರ್‌ನಲ್ಲಿ ಸಣ್ಣಗೆ ಕಿಣಿಕಿಣಿ ಅನ್ನುತ್ತದೆ, ಅದು ಅಷ್ಟೇನೂ ಜೋರಿಲ್ಲ. ಒಬ್ಬ ಮೆಕ್ಯಾನಿಕ್ ‘ಬೋರ್ ಹೋಗಿದೆ, ಫುಲ್ ಎಂಜಿನ್ ಬಿಚ್ಚಬೇಕು’ ಅಂದರು. ಇನ್ನೊಬ್ಬರು ‘ದಪ್ಪ ಆಯಿಲ್ ಹಾಕಿ, ಪೆಟ್ರೋಲಿಗೂ ಆಯಿಲ್ ಜಾಸ್ತಿ ಹಾಕಿ, ಸರಿಹೋಗುತ್ತದೆ’ ಅಂದರು. ಸ್ನೇಹಿತರು ‘ಟೂ ಸ್ಟ್ರೋಕ್ ಅಂದ್ರೆ ಹಂಗೇ, ಸುಮ್ನೆ ಓಡಿಸು’ ಅನ್ನುತ್ತಾರೆ. ಸ್ಲೋ ಒಮ್ಮೊಮ್ಮೆ ತಾನಾಗೇ ಏರುತ್ತದೆ, ಎಕ್ಸಲೇಟರ್ ಬಿಟ್ಟರೂ ಎಂಜಿನ್ ಕೂಡಲೇ ಇಳಿಯುವುದಿಲ್ಲ. ಸ್ಕ್ರೂ ತಿರುಗಿಸಿ ಅದನ್ನು ಸರಿಮಾಡಿಕೊಂಡಿದ್ದೇನೆ, ಅದೇನೂ ದೊಡ್ಡ ವಿಷಯ ಅಲ್ಲ. ಜುಲೈನಲ್ಲಿ ಗಾಡಿಯನ್ನು ಮೈಸೂರಿಗೆ ಓಡಿಸಿಕೊಂಡು ಹೋಗುವ ಆಸೆ ಇದೆ. ಅಪ್ಪನ ಗಾಡಿ ನನ್ನ ಕೈಯಲ್ಲಿ ಹಾಳಾಗಬಾರದು. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಿಮಗೆ ಹೆಚ್ಚು ಭಯ ಹುಟ್ಟಿಸಿರುವುದು ಬೆಳಗಿನ ಟಕಟಕ. ನನಗೆ ಭಯ ಹುಟ್ಟಿಸಿದ್ದು ಘಾಟಿಯ ಕಿಣಿಕಿಣಿ. ಅದಕ್ಕಿಂತಲೂ ಹೆಚ್ಚಾಗಿ ‘ದೊಡ್ಡ ವಿಷಯ ಅಲ್ಲ’ ಎಂದು ನೀವು ಕೊನೆಯಲ್ಲಿ ಸೇರಿಸಿದ ಸ್ಲೋ ಏರುವ ಮಾತು. ಎಂಜಿನ್ ಬಿಚ್ಚಬೇಕೋ ಬೇಡವೋ ಅನ್ನುವುದು ಆಮೇಲಿನ ಪ್ರಶ್ನೆ. ಮೊದಲು ಒಂದು ಮಾತು ಕೇಳಿ. ಈ ಎರಡರ ಕಾರಣ ತಿಳಿಯುವ ತನಕ ಬಿಸಿಲೆ ಘಾಟಿಯ ಕಡೆಗೆ ಗಾಡಿ ತಿರುಗಿಸಬೇಡಿ. ಊರೊಳಗೆ, ಸಮತಟ್ಟಾದ ರಸ್ತೆಯಲ್ಲಿ, ನಾಲ್ಕೈದು ಕಿಲೋಮೀಟರ್ ನಿಧಾನವಾಗಿ ಓಡಿಸಿ ಪರೀಕ್ಷೆ ಮಾಡಲು ಅಡ್ಡಿಯಿಲ್ಲ.

ಯಾಕೆ ಹೀಗೆ ಹೇಳುತ್ತಿದ್ದೇನೆ ಅನ್ನುವುದಕ್ಕೆ ನಿಮ್ಮ ಗಾಡಿಯ ಸ್ವಭಾವ ಸ್ವಲ್ಪ ತಿಳಿದಿರಬೇಕು. ರೋಡ್‌ಕಿಂಗ್ 250 ಸಿಸಿಯ ಟೂ ಸ್ಟ್ರೋಕ್ ಗಾಡಿ. ಒಂದೇ ಸಿಲಿಂಡರ್, ಅದಕ್ಕೆ ಎರಡು ಎಕ್ಸಾಸ್ಟ್, ಎರಡು ಸೈಲೆನ್ಸರ್. ಇದರಲ್ಲಿ ವಾಲ್ವ್ ಇಲ್ಲ, ಟ್ಯಾಪೆಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹಾಗಾಗಿ ಬುಲೆಟ್ ಅಥವಾ ಸ್ಪ್ಲೆಂಡರ್ ಸದ್ದು ಕೇಳಿ ಪಳಗಿದ ಕಿವಿ ಇಲ್ಲಿ ಸುಲಭವಾಗಿ ಮೋಸ ಹೋಗುತ್ತದೆ. 2022ರಲ್ಲಿ ಯೆಜ್ಡಿ ಹೆಸರಿನಲ್ಲೇ ಹೊಸ ಗಾಡಿಗಳು ಬಂದವು. ಅವು ನೀರಿನಿಂದ ತಣಿಯುವ ಫೋರ್ ಸ್ಟ್ರೋಕ್ ಎಂಜಿನ್‌ಗಳು. ಅವುಗಳ ಬಗ್ಗೆ ಬಂದ ವಿಡಿಯೋ ನೋಡಿ ನಿಮ್ಮ ಗಾಡಿಗೆ ಔಷಧಿ ಹುಡುಕಬೇಡಿ.

ಇನ್ನೊಂದು ಮುಖ್ಯ ಸಂಗತಿ. ನಿಮ್ಮ ಎಂಜಿನ್‌ನ ಪಿಸ್ಟನ್, ಅದು ತಿರುಗಿಸುವ ಕ್ರ್ಯಾಂಕ್ ಶಾಫ್ಟ್ ಮತ್ತು ಅದರ ಬೇರಿಂಗ್‌ಗಳಿಗೆ ಸಿಗುವ ಆಯಿಲ್ ಎಲ್ಲ ಪೆಟ್ರೋಲ್ ಜೊತೆಗೇ ಬರಬೇಕು. ಕೆಳಗಡೆ ಕೇಸ್‌ನಲ್ಲಿ ಹಾಕುವ ಆಯಿಲ್ ಬೇರೆಯೇ. ಅದು ಗೇರ್‌ಬಾಕ್ಸ್, ಕ್ಲಚ್ ಮತ್ತು ಎಡಗಡೆ, ಎಂಜಿನ್ ಶಕ್ತಿಯನ್ನು ಕ್ಲಚ್‌ಗೆ ಒಯ್ಯುವ ಪ್ರೈಮರಿ ಚೈನ್‌ಗೆ ಮಾತ್ರ. ಇವೆರಡರ ನಡುವೆ ಗೋಡೆಯ ಹಾಗೆ ನಿಂತಿರುವುದು ಕ್ರ್ಯಾಂಕ್‌ನ ಒಂದು ರಬ್ಬರ್ ಸೀಲ್.

ಇಷ್ಟು ಗೊತ್ತಾದರೆ ‘ದಪ್ಪ ಆಯಿಲ್ ಹಾಕಿ’ ಅನ್ನುವ ಸಲಹೆ ಎಲ್ಲಿ ತಪ್ಪಿತು ಅಂತ ನಿಮಗೇ ಕಾಣುತ್ತದೆ. ಗೇರ್‌ಬಾಕ್ಸ್‌ಗೆ ಎಷ್ಟೇ ದಪ್ಪ ಆಯಿಲ್ ಹಾಕಿದರೂ ಅದು ಪಿಸ್ಟನ್‌ವರೆಗೆ ಹೋಗುವುದಿಲ್ಲ. ಬದಲಿಗೆ ಕ್ಲಚ್ ಪ್ಲೇಟ್‌ಗಳು ಒಂದಕ್ಕೊಂದು ಅಂಟಿಕೊಂಡು, ಕ್ಲಚ್ ಹಿಡಿದರೂ ಗಾಡಿ ಮುಂದಕ್ಕೆ ಎಳೆಯುತ್ತದೆ. ಎಡಗಡೆಯ ಗರಗರ ಸ್ವಲ್ಪ ಮುಚ್ಚಿಹೋಗಬಹುದು. ಮುಚ್ಚಿಹೋಗುತ್ತದೆ ಅಷ್ಟೇ, ಕಾರಣ ಒಳಗೇ ಇರುತ್ತದೆ.

ಪೆಟ್ರೋಲಿಗೆ ಆಯಿಲ್ ಜಾಸ್ತಿ ಹಾಕುವುದು ಇದಕ್ಕಿಂತ ಕೆಟ್ಟ ಸಲಹೆ. ಕಾರ್ಬೊರೇಟರ್‌ನ ಜೆಟ್ ತೂತು ಅಷ್ಟೇ ಇರುತ್ತದೆ. ಅದರಲ್ಲಿ ಆಯಿಲ್ ಹೆಚ್ಚು ಹರಿದರೆ ಪೆಟ್ರೋಲ್ ಕಡಿಮೆ ಹರಿಯುತ್ತದೆ. ಮಿಶ್ರಣ ತೆಳುವಾಗಿ ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಜೊತೆಗೆ ಹೆಡ್ ಮೇಲೂ ಎಕ್ಸಾಸ್ಟ್ ಬಾಯಲ್ಲೂ ಕರಿ ಕಟ್ಟುತ್ತದೆ. ಆ ಕರಿಯೇ ಮುಂದೆ ಕಿಣಿಕಿಣಿಗೆ ಕಾರಣವಾಗುತ್ತದೆ. ಒಳ್ಳೆಯ 2ಟಿ (ಟೂ ಸ್ಟ್ರೋಕ್) ಆಯಿಲ್ ಆದರೆ ಲೀಟರ್ ಪೆಟ್ರೋಲಿಗೆ 40 ಮಿಲಿ ಸಾಕು. ಅಳತೆ ಪಾತ್ರೆಯಲ್ಲಿ ಅಳೆದೇ ಹಾಕಿ, ಅಂದಾಜಿಗೆ ಸುರಿಯಬೇಡಿ.

ಈಗ ನಿಮಗೆ ತೀರಾ ಕಳವಳ ತಂದ ಟಕಟಕಕ್ಕೆ ಬರೋಣ. ತಣ್ಣಗಿದ್ದಾಗ ಜೋರು, ಬಿಸಿಯಾದ ಮೇಲೆ ಕಡಿಮೆ. ಇದು ಬಹುಮಟ್ಟಿಗೆ ಪಿಸ್ಟನ್ ಸದ್ದು. ನಿಮ್ಮ ಗಾಡಿಯ ಬ್ಲಾಕ್ ಬೀಡು ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಂದು. ಬಿಸಿಯಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಜಾಸ್ತಿ ಹಿಗ್ಗುತ್ತದೆ. ಅದಕ್ಕೇ ತಣ್ಣಗಿದ್ದಾಗ ಪಿಸ್ಟನ್ ಮತ್ತು ಬ್ಲಾಕ್ ನಡುವೆ ಸ್ವಲ್ಪ ಜಾಗ ಇಟ್ಟೇ ಮಾಡಿರುತ್ತಾರೆ. ಓಡಿ ಓಡಿ ಆ ಜಾಗ ಅಗಲವಾದಾಗ ಪಿಸ್ಟನ್ ಮೇಲೆ ಕೆಳಗೆ ಹೋಗುವಾಗ ವಾಲಿ ಗೋಡೆಗೆ ತಟ್ಟುತ್ತದೆ. ಬಿಸಿಯಾಗಿ ಹಿಗ್ಗಿದ ಮೇಲೆ ತಟ್ಟುವುದು ಕಡಿಮೆಯಾಗುತ್ತದೆ.

ಅಂದರೆ ಬೋರ್ (ಪಿಸ್ಟನ್ ಓಡಾಡುವ ಬ್ಲಾಕ್‌ನ ಒಳಗೋಡೆ) ಸ್ವಲ್ಪ ಸವೆದಿದೆ ಅನ್ನುವುದು ಸುಳ್ಳಲ್ಲ. ಮೊದಲ ಮೆಕ್ಯಾನಿಕ್ ಹೇಳಿದ್ದರಲ್ಲಿ ಅಷ್ಟು ಸತ್ಯ ಇದೆ. ಆದರೆ ಸವೆದಿದೆ ಅನ್ನುವುದಕ್ಕೂ ಹೋಗಿದೆ ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಐದು ನಿಮಿಷದಲ್ಲಿ ಇಳಿಯುವ ಟಕಟಕ ಇಟ್ಟುಕೊಂಡು ವರ್ಷಗಟ್ಟಲೆ ಓಡಿದ ಯೆಜ್ಡಿಗಳನ್ನು ನಾನು ನೋಡಿದ್ದೇನೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ಸದ್ದು ಹಾಗೇ ಇದ್ದರೆ, ಕಿಕ್ ಹೊಡೆಯುವಾಗ ಕಂಪ್ರೆಷನ್ ಇಲ್ಲದೆ ಕಾಲು ಸಲೀಸಾಗಿ ಇಳಿದರೆ, ಏರಿನಲ್ಲಿ ಮೊದಲಿನ ಶಕ್ತಿ ಇಲ್ಲದಿದ್ದರೆ, ಆಗ ಬೋರ್ ಮಾತು ಎತ್ತಬೇಕು.

ಬ್ಲಾಕ್ ಬಿಚ್ಚದೆ ಪಿಸ್ಟನ್ ನೋಡುವ ಒಂದು ದಾರಿ ನಿಮ್ಮ ಗಾಡಿಯಲ್ಲೇ ಇದೆ. ಎರಡೂ ಸೈಲೆನ್ಸರ್ ಪೈಪ್‌ಗಳ ಕಾಲರ್ ನಟ್ ಬಿಚ್ಚಿ ಪೈಪ್ ತೆಗೆಸಿ. ಅದಕ್ಕೆ ಕೊಕ್ಕೆಯ ಸ್ಪ್ಯಾನರ್ ಬೇಕು. ಉಳಿ ಇಟ್ಟು ಸುತ್ತಿಗೆಯಲ್ಲಿ ಹೊಡೆಯಲು ಯಾರಿಗೂ ಬಿಡಬೇಡಿ, ನಟ್‌ನ ರೆಕ್ಕೆಗಳು ಮುರಿದುಹೋಗುತ್ತವೆ. ಆಮೇಲೆ ಟಾರ್ಚ್ ಹಿಡಿದು ಎಕ್ಸಾಸ್ಟ್ ಬಾಯಿಂದ ಒಳಗೆ ನೋಡಿ. ಕಿಕ್ಕರನ್ನು ಕೈಯಿಂದ ನಿಧಾನವಾಗಿ ಒತ್ತುತ್ತಾ ಹೋದರೆ ಎಕ್ಸಾಸ್ಟ್ ಕಡೆಯ ಪಿಸ್ಟನ್ ಮೈ ಕಾಣುತ್ತದೆ. ಮೈ ನುಣ್ಣಗೆ, ಮಂಕಾಗಿ ಇದ್ದರೆ ಒಳ್ಳೆಯದು. ಮೇಲಿಂದ ಕೆಳಕ್ಕೆ ಉಗುರಿಗೆ ಸಿಗುವಂಥ ಗೀರುಗಳಿದ್ದರೆ ಪಿಸ್ಟನ್ ಯಾವಾಗಲೋ ಬಿಸಿಗೆ ಬ್ಲಾಕ್‌ನಲ್ಲಿ ಹಿಡಿದುಕೊಂಡಿತ್ತು ಎಂದು ಅರ್ಥ. ರಿಂಗ್ ಕಾಣುವ ಜಾಗ ಬಂದಾಗ ಒಂದು ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿ. ರಿಂಗ್ ಒಳಕ್ಕೆ ಹೋಗಿ ವಾಪಸ್ ಬರಬೇಕು. ಕರಿಯಲ್ಲಿ ಅಂಟಿಕೊಂಡಿದ್ದರೆ ಅಲ್ಲಾಡುವುದಿಲ್ಲ. ನಾಲ್ಕು ವರ್ಷ ನಿಂತ ಗಾಡಿಯಲ್ಲಿ ಇದು ಮಾಮೂಲು.

ಬೋರಿಂಗ್ ಮಾಡಿಸಲು, ಅಂದರೆ ಬ್ಲಾಕ್‌ನ ಒಳಗೋಡೆ ಕೊರೆಸಿ ಅಗಲ ಮಾಡಿಸಲು, ನಾನು ಯಾಕೆ ಇಷ್ಟು ಹಿಂದೆಮುಂದೆ ನೋಡುತ್ತೇನೆ ಎಂದರೆ, ಅದು ಒಂದು ಸಲ ಮಾಡಿದರೆ ಹಿಂದಕ್ಕೆ ತರಲು ಆಗದ ಕೆಲಸ. ಪ್ರತಿ ಬೋರಿಂಗ್‌ಗೂ ಮುಂದಿನ ಸೈಜಿನ ಪಿಸ್ಟನ್ ಹಾಕಬೇಕು. ನಾಲ್ಕೈದು ಸಲ ಆದರೆ ಬ್ಲಾಕ್ ಮುಗಿಯಿತು, ಆಮೇಲೆ ಹೊಸ ಸ್ಲೀವ್ ಹೊಡೆಸಬೇಕು. ಮೈಸೂರಿನ ಯಾದವಗಿರಿಯ ಕಾರ್ಖಾನೆ 1961ರಲ್ಲಿ ಜಾವಾ ಬೈಕ್ ಮಾಡಲು ಶುರುಮಾಡಿ, ಆಮೇಲೆ ಯೆಜ್ಡಿ ಮಾಡಿ, 1996ರಲ್ಲಿ ಬಾಗಿಲು ಹಾಕಿತು. ಅಲ್ಲಿ ಎರಕ ಹೊಯ್ದ ಬ್ಲಾಕ್ ಇನ್ನು ಹೊಸದಾಗಿ ಬರುವುದಿಲ್ಲ. ಈಗ ಸಿಗುವ ಪಿಸ್ಟನ್‌ಗಳಲ್ಲಿ ಒಳ್ಳೆಯದೂ ಇದೆ, ಒಂದು ಮಳೆಗಾಲಕ್ಕೇ ಸವೆದುಹೋಗುವಂಥದೂ ಇದೆ. ಇರುವ ಪಿಸ್ಟನ್ ಸುಸ್ಥಿತಿಯಲ್ಲಿದ್ದರೆ ಅದನ್ನು ಉಳಿಸಿಕೊಳ್ಳುವುದೇ ನಿಮ್ಮ ತಂದೆಯ ಗಾಡಿಗೆ ಮಾಡುವ ಉಪಕಾರ.

ಇನ್ನು ಎಡಗಡೆಯ ಗರಗರ. ಇದರಲ್ಲಿ ನೀವೇ ಅರ್ಧ ಕೆಲಸ ಮುಗಿಸಿದ್ದೀರಿ. ‘ಕ್ಲಚ್ ಹಿಡಿದರೆ ಸದ್ದು ಬದಲಾಗುತ್ತದೆ’ ಎಂದು ಬರೆದಿದ್ದೀರಲ್ಲ, ಅದು ತುಂಬಾ ಉಪಯೋಗದ ಮಾತು. ಪಿಸ್ಟನ್, ಕ್ರ್ಯಾಂಕ್ ಸದ್ದುಗಳಿಗೆ ಕ್ಲಚ್ ಹಿಡಿದರೂ ಬಿಟ್ಟರೂ ಅಷ್ಟೇನೂ ವ್ಯತ್ಯಾಸ ಆಗುವುದಿಲ್ಲ. ಬದಲಾಗುವ ಸದ್ದು ಕ್ಲಚ್‌ನದು ಅಥವಾ ಅದಕ್ಕೆ ಸೇರಿಕೊಂಡ ಭಾಗಗಳದು. ಗಾಡಿ ನ್ಯೂಟ್ರಲ್‌ನಲ್ಲಿದ್ದು, ಕ್ಲಚ್ ಹಿಡಿದ ಕೂಡಲೇ ಸದ್ದು ಪೂರ್ತಿ ನಿಂತರೆ ಗೇರ್‌ಬಾಕ್ಸ್ ಬೇರಿಂಗ್ ಕಡೆ ನೋಡಬೇಕು, ಯಾಕೆಂದರೆ ಆಗ ಗೇರ್‌ಬಾಕ್ಸ್ ಶಾಫ್ಟ್ ತಿರುಗುವುದು ನಿಲ್ಲುತ್ತದೆ. ಸದ್ದು ನಿಲ್ಲದೆ ಧಾಟಿ ಮಾತ್ರ ಬದಲಾದರೆ ಕ್ಲಚ್ ಡ್ರಮ್ ಅಥವಾ ಪ್ರೈಮರಿ ಚೈನ್. ನೀವು ‘ಬದಲಾಗುತ್ತದೆ’ ಅಂದಿದ್ದೀರಿ, ‘ನಿಲ್ಲುತ್ತದೆ’ ಅಂದಿಲ್ಲ. ಹಾಗಾಗಿ ನನ್ನ ಅನುಮಾನ ಚೈನ್ ಮೇಲೆ.

ಹಳೆಯ ಪ್ರೈಮರಿ ಚೈನ್ ಸಡಿಲವಾದಾಗ ಸ್ಲೋನಲ್ಲಿ ಜೋಲಾಡಿ ಕೇಸ್‌ಗೆ ತಾಗುತ್ತದೆ. ಸ್ವಲ್ಪ ರೇಸ್ ಕೊಟ್ಟು ಚೈನ್ ಬಿಗಿಯಾದರೆ ಸದ್ದು ಕಡಿಮೆಯಾಗುತ್ತದೆ. ಪರೀಕ್ಷೆ ಸುಲಭ. ಮೊದಲು ಕೆಳಗಿನ ಆಯಿಲ್ ಒಂದು ಬಿಳಿ ಪಾತ್ರೆಗೆ ಇಳಿಸಿ, ಅದರಲ್ಲಿ ಅಯಸ್ಕಾಂತ ಆಡಿಸಿ. ಹಿಟ್ಟಿನಂಥ ಪುಡಿ ಅಂಟಿದರೆ ಮಾಮೂಲು ಸವೆತ. ಚೂರು, ಸಿಪ್ಪೆಯಂಥದು ಸಿಕ್ಕರೆ ಒಳಗೆ ಏನೋ ಮುರಿಯುತ್ತಿದೆ. ಆಮೇಲೆ ಎಡಗಡೆಯ ಕವರ್ ತೆಗೆಸಿ ಚೈನ್ ಕೈಯಲ್ಲಿ ಎತ್ತಿ ನೋಡಿ. ತುಂಬಾ ಜೋತುಬಿದ್ದಿದ್ದರೆ ಚೈನ್ ಬದಲಿಸಿ. ಸ್ಪ್ರಾಕೆಟ್ ಹಲ್ಲು ಚೂಪಾಗಿದ್ದರೆ ಅದನ್ನೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಇದನ್ನು ತುಂಬಾ ದಿನ ಮುಂದೂಡಬೇಡಿ. ಓಡುವಾಗ ಆ ಚೈನ್ ತುಂಡಾದರೆ ಅಲ್ಯೂಮಿನಿಯಂ ಕೇಸನ್ನೇ ಒಡೆದುಹಾಕುತ್ತದೆ.

ಈಗ ಘಾಟಿಯ ಕಿಣಿಕಿಣಿ. ಡಬ್ಬಿಯಲ್ಲಿ ನಾಲ್ಕು ಕಾಸು ಹಾಕಿ ಕುಲುಕಿದ ಹಾಗೆ, ಅಲ್ವಾ? ಎಕ್ಸಲೇಟರ್ ಕೊಟ್ಟು ಎಂಜಿನ್ ಮೇಲೆ ಭಾರ ಬಿದ್ದಾಗ ಮಾತ್ರ ಬರುತ್ತದೆ, ಸ್ವಲ್ಪ ಬಿಟ್ಟರೆ ನಿಲ್ಲುತ್ತದೆ. ಇದು ಯಾವ ಸಾಮಾನೂ ಸಡಿಲವಾಗಿ ಬರುವ ಸದ್ದಲ್ಲ. ಪೆಟ್ರೋಲ್ ಹೊತ್ತಿಕೊಳ್ಳಬೇಕಾದ ರೀತಿ ತಪ್ಪಿ ಹೊತ್ತಿಕೊಳ್ಳುವ ಸದ್ದು. ಸಾಮಾನ್ಯವಾಗಿ ಪ್ಲಗ್‌ನಿಂದ ಶುರುವಾದ ಬೆಂಕಿ ಸಮನಾಗಿ ಹರಡಿ ಪಿಸ್ಟನ್‌ನ ಕೆಳಗೆ ತಳ್ಳುತ್ತದೆ. ಒಳಗೆ ಬಿಸಿ ಮತ್ತು ಒತ್ತಡ ಮಿತಿಮೀರಿದಾಗ ಮೂಲೆಯಲ್ಲಿ ಉಳಿದ ಮಿಶ್ರಣ ಬೆಂಕಿ ತಲುಪುವ ಮೊದಲೇ ಒಮ್ಮೆಲೇ ಸಿಡಿಯುತ್ತದೆ. ಆ ಹೊಡೆತ ಪಿಸ್ಟನ್ ತಲೆಗೂ ಕನೆಕ್ಟಿಂಗ್ ರಾಡ್‌ನ ಬೇರಿಂಗ್‌ಗೂ ಬೀಳುತ್ತದೆ. ಸದ್ದು ಸಣ್ಣದು, ಪೆಟ್ಟು ದೊಡ್ಡದು. ಟೂ ಸ್ಟ್ರೋಕ್‌ನಲ್ಲಿ ಇದರ ಮುಂದಿನ ಹೆಜ್ಜೆ ಪಿಸ್ಟನ್ ಹಿಡಿದುಕೊಳ್ಳುವುದು, ಇಲ್ಲವೇ ಪಿಸ್ಟನ್ ತಲೆಯಲ್ಲಿ ತೂತು ಬೀಳುವುದು.

ನಿಮ್ಮ ಗಾಡಿಯಲ್ಲಿ ಇದಕ್ಕೆ ಎರಡು ಕಾರಣ ನನಗೆ ಎದ್ದು ಕಾಣುತ್ತಿವೆ.

ಒಂದು, ಹೊಸ ಪಾಯಿಂಟ್. ಪಾಯಿಂಟ್ ಅಂದರೆ ತೆರೆದುಕೊಂಡಾಗ ಪ್ಲಗ್‌ನಲ್ಲಿ ಕಿಡಿ ಹುಟ್ಟಿಸುವ ಸಣ್ಣ ಸ್ವಿಚ್. ಪಾಯಿಂಟ್ ಗ್ಯಾಪ್ ಇರಬೇಕಾದ್ದಕ್ಕಿಂತ ಅಗಲವಾದರೆ ಪಾಯಿಂಟ್ ಬೇಗ ತೆರೆದುಕೊಳ್ಳುತ್ತದೆ, ಕಿಡಿ ಬೇಗ ಬೀಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಒತ್ತಡ ಏರಿಬಿಡುತ್ತದೆ. ಹೊಸ ಪಾಯಿಂಟ್ ಹಾಕಿದವರು ಗ್ಯಾಪನ್ನು ಕಣ್ಣಂದಾಜಿಗೆ ಇಟ್ಟಿರುವ ಸಾಧ್ಯತೆ ತುಂಬಾ ಇದೆ. ಫೀಲರ್ ಗೇಜ್ ಹಾಕಿ 0.4 ಮಿಲಿಮೀಟರ್ ಇಡಿಸಿ. ಗ್ಯಾಪ್ ಸರಿಯಾದ ಮೇಲೆ, ಪ್ಲಗ್ ತೂತಿನಲ್ಲಿ ಅಳತೆ ಸಾಧನ ಇಟ್ಟು ಟೈಮಿಂಗ್ ನೋಡಬೇಕು. ಈ ಕ್ರಮ ತಿರುವುಮುರುವು ಆಗಬಾರದು. ಗ್ಯಾಪ್ ಬದಲಾದರೆ ಟೈಮಿಂಗ್ ಕೂಡ ಬದಲಾಗುತ್ತದೆ.

ಎರಡು, ಗಾಳಿ ಸೋರಿಕೆ. ಇಲ್ಲೇ ನಿಮ್ಮ ಕೊನೆಯ ಸಾಲು ಬರುತ್ತದೆ. ಸ್ಲೋ ತಾನಾಗೇ ಏರುವುದು, ಎಕ್ಸಲೇಟರ್ ಬಿಟ್ಟರೂ ಎಂಜಿನ್ ತಡವಾಗಿ ಇಳಿಯುವುದು, ಇವೆರಡೂ ಕಾರ್ಬೊರೇಟರ್ ದಾಟಿ ಬೇರೆ ಎಲ್ಲಿಂದಲೋ ಗಾಳಿ ಒಳಗೆ ಹೋಗುತ್ತಿದೆ ಅನ್ನುವುದರ ಗುರುತು. ಗಾಳಿ ಜಾಸ್ತಿ ಆದರೆ ಮಿಶ್ರಣ ತೆಳುವಾಗುತ್ತದೆ. ತೆಳುವಾದ ಮಿಶ್ರಣ ಎಂಜಿನ್‌ನ ಸುಡುತ್ತದೆ. ಪೆಟ್ರೋಲ್ ಕಡಿಮೆಯಾದಷ್ಟು ಅದರ ಜೊತೆ ಬರುವ ಆಯಿಲ್ ಕೂಡ ಕಡಿಮೆ. ನೀವು ಸ್ಕ್ರೂ ತಿರುಗಿಸಿ ಸ್ಲೋ ಇಳಿಸಿದಿರಿ. ಆಗ ಲಕ್ಷಣ ಮಾತ್ರ ಮರೆಯಾಯಿತು.

ಗಾಳಿ ಎಲ್ಲಿಂದ ನುಗ್ಗಬಹುದು? ಮೊದಲು ಕಾರ್ಬೊರೇಟರ್ ಬ್ಲಾಕ್‌ಗೆ ಕೂರುವ ಜಾಗದ ಪ್ಯಾಕಿಂಗ್ ಮತ್ತು ನಟ್‌ಗಳು. ಕಾರ್ಬೊರೇಟರ್ ಬಿಚ್ಚಿ ಹಾಕುವಾಗ ಹಳೇ ಪ್ಯಾಕಿಂಗನ್ನೇ ಹಾಕಿದ್ದರೆ ಅಲ್ಲೇ ಸೋರುತ್ತದೆ. ಇದಾದರೆ ಚಿಕ್ಕ ಖರ್ಚಿನಲ್ಲಿ ಮುಗಿಯುತ್ತದೆ. ಆಮೇಲೆ ಬ್ಲಾಕ್ ಕೆಳಗಿನ ಪ್ಯಾಕಿಂಗ್. ಕೊನೆಗೆ ಕ್ರ್ಯಾಂಕ್‌ನ ಆಯಿಲ್ ಸೀಲ್‌ಗಳು. ನಾಲ್ಕು ವರ್ಷ ಅಲ್ಲಾಡದೆ ನಿಂತ ಗಾಡಿಯಲ್ಲಿ ಸೀಲ್‌ನ ರಬ್ಬರ್ ಗಟ್ಟಿಯಾಗಿ, ಅದರ ತುಟಿ ಶಾಫ್ಟ್‌ಗೆ ಸರಿಯಾಗಿ ಕೂರುವುದಿಲ್ಲ. ಎಡಗಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲ್ ಎಂಜಿನ್ ಒಳಗೆ ಎಳೆದುಕೊಂಡು ದಟ್ಟ ಹೊಗೆ ಬರುತ್ತದೆ, ಕೆಳಗಿನ ಆಯಿಲ್ ಮಟ್ಟ ಇಳಿಯುತ್ತಾ ಹೋಗುತ್ತದೆ. ನೀವು ಹೊಗೆಯ ಬಗ್ಗೆ ಬರೆದಿಲ್ಲ. ಬಲಗಡೆ, ಡೈನಮೊ ಕಡೆಯ ಸೀಲ್ ಹೋದರೆ ಹೊಗೆ ಇಲ್ಲ, ಆಯಿಲ್ ಖಾಲಿ ಆಗುವುದಿಲ್ಲ, ಬರೀ ಗಾಳಿ ನುಗ್ಗುತ್ತದೆ. ಅದಕ್ಕೇ ಅದು ಯಾರ ಗಮನಕ್ಕೂ ಬರುವುದಿಲ್ಲ.

ಇದನ್ನು ಊಹಿಸುತ್ತಾ ಕೂರಬೇಕಾಗಿಲ್ಲ. ಟೂ ಸ್ಟ್ರೋಕ್ ಕೆಲಸ ಬಲ್ಲವರು ಒತ್ತಡ ಪರೀಕ್ಷೆ ಮಾಡುತ್ತಾರೆ. ಎಕ್ಸಾಸ್ಟ್ ಬಾಯಿ ಎರಡನ್ನೂ ರಬ್ಬರ್ ಇಟ್ಟು ಮುಚ್ಚಿ, ಕಾರ್ಬೊರೇಟರ್ ಜಾಗದಿಂದ ಕೈಪಂಪ್‌ನಲ್ಲಿ 5ರಿಂದ 6 ಪಿಎಸ್‌ಐ ಗಾಳಿ ತುಂಬುತ್ತಾರೆ. ಅದಕ್ಕಿಂತ ಜಾಸ್ತಿ ಬೇಡ, ಒಳ್ಳೆಯ ಸೀಲ್ ಕೂಡ ಹೊರಗೆ ಬಂದುಬಿಡುತ್ತದೆ. ಗಾಳಿ ಕೆಲವು ನಿಮಿಷ ನಿಂತರೆ ಎಂಜಿನ್ ಚೆನ್ನಾಗಿದೆ. ಸರ್ರನೆ ಇಳಿದರೆ ಸೋಪಿನ ನೀರು ಹಚ್ಚಿ ನೋಡಿ, ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲೇ ಸೋರಿಕೆ. ಇದಕ್ಕೆ ಎಂಜಿನ್ ಬಿಚ್ಚಬೇಕಿಲ್ಲ. ಎಂಜಿನ್ ಬಿಚ್ಚುವ ಮಾತಾಡುವವರನ್ನು ‘ಮೊದಲು ಗಾಳಿ ಪರೀಕ್ಷೆ ಮಾಡಿದ್ರಾ?’ ಅಂತ ಕೇಳಿ. ಆ ಪ್ರಶ್ನೆಗೆ ಸಿಗುವ ಉತ್ತರದಿಂದಲೇ ಗಾಡಿ ಅವರ ಹತ್ತಿರ ಬಿಡಬಹುದಾ ಅಂತ ನಿಮಗೆ ತಿಳಿಯುತ್ತದೆ.

ನೀವೇ ಮನೆಯಲ್ಲಿ ನೋಡಬಹುದಾದದ್ದು ಪ್ಲಗ್ ಬಣ್ಣ. ಸಣ್ಣ ಏರಿನಲ್ಲಿ ಗಾಡಿ ಬಿಸಿಯಾಗುವಷ್ಟು ಓಡಿಸಿ, ಎಕ್ಸಲೇಟರ್ ಕೊಟ್ಟಿರುವಾಗಲೇ ಕ್ಲಚ್ ಹಿಡಿದು ಎಂಜಿನ್ ಆಫ್ ಮಾಡಿ, ಬದಿಗೆ ನಿಲ್ಲಿಸಿ. ವಾಹನ ಓಡಾಡದ ಜಾಗ ನೋಡಿಕೊಳ್ಳಿ. ಸ್ಲೋನಲ್ಲಿ ನಿಲ್ಲಿಸಿ ತೆಗೆದ ಪ್ಲಗ್ ಏನನ್ನೂ ಹೇಳುವುದಿಲ್ಲ. ಪ್ಲಗ್ ಮೂತಿ ಕಾಫಿಪುಡಿ ಬಣ್ಣ ಇದ್ದರೆ ಮಿಶ್ರಣ ಸರಿ. ಸುಣ್ಣದ ಹಾಗೆ ಬೆಳ್ಳಗಿದ್ದರೆ ತೆಳು. ಕಪ್ಪಾಗಿ ಒದ್ದೆ ಇದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ. ಇದರ ಜೊತೆಗೆ ಟ್ಯಾಂಕಿನಿಂದ ಪೆಟ್ರೋಲ್ ಸರಿಯಾಗಿ ಇಳಿಯುತ್ತದಾ ನೋಡಿ. ಪೈಪ್ ಕಳಚಿ ಬಾಟಲಿಗೆ ಬಿಟ್ಟರೆ ಧಾರೆ ಕಡಿಯದೆ ಬರಬೇಕು. ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡರೂ ಸ್ವಲ್ಪ ದೂರ ಓಡಿದ ಮೇಲೆ ಧಾರೆ ಸಣ್ಣಗಾಗುತ್ತದೆ.

‘ಈಗಿನ ಪೆಟ್ರೋಲ್ ಸರಿ ಇಲ್ಲ, ಅದಕ್ಕೇ ಸದ್ದು’ ಎಂದು ಹೇಳುವವರೂ ಸಿಗುತ್ತಾರೆ. ಇದರಲ್ಲಿ ಅರ್ಧ ನಿಜ ಇದೆ. ಈಗ ಬಂಕ್‌ನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಎಥನಾಲ್‌ಗೆ ಆಕ್ಟೇನ್ (ಹಾಗೆ ಒಮ್ಮೆಲೇ ಸಿಡಿಯದಂತೆ ತಡೆಯುವ ಗುಣ) ಹೆಚ್ಚು, ಹಾಗಾಗಿ ಅದು ನೇರವಾಗಿ ಕಿಣಿಕಿಣಿ ತರುವುದಿಲ್ಲ. ಆದರೆ ಅದರಲ್ಲೇ ಆಮ್ಲಜನಕ ಇರುವುದರಿಂದ ಹಳೇ ಜೆಟ್ ಇರುವ ಗಾಡಿಯಲ್ಲಿ ಮಿಶ್ರಣ ಇನ್ನಷ್ಟು ತೆಳುವಾಗುತ್ತದೆ. ಅದು ತೇವವನ್ನೂ ಹೀರುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ಗಾಡಿ ವಾರಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಮತ್ತು ಕಾರ್ಬೊರೇಟರ್ ಖಾಲಿ ಮಾಡಿಡಿ. ಪ್ಲಗ್ ಬೆಳ್ಳಗೇ ಉಳಿದು, ಸೋರಿಕೆ ಎಲ್ಲೂ ಇಲ್ಲ ಎಂದು ಖಚಿತವಾದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಬಹುದು. ಸೋರಿಕೆ ಇಟ್ಟುಕೊಂಡು ಜೆಟ್ ಬದಲಿಸಬೇಡಿ.

ನೀವು ಹೇಳದೇ ಇರುವ ಎರಡು ಸದ್ದುಗಳ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಅವು ಬಂದರೆ ಮಾತ್ರ ಎಂಜಿನ್ ಸೀಳಲೇಬೇಕು, ಅಂದರೆ ಕೇಸ್ ಎರಡು ಭಾಗ ಮಾಡಿ ಬಿಚ್ಚಲೇಬೇಕು. ಎಂಜಿನ್ ತಳದಿಂದ ದಡ್ ದಡ್ ಎಂದು ಗುದ್ದಿದ ಹಾಗೆ, ಭಾರ ಬಿದ್ದಷ್ಟೂ ಜೋರಾಗುವುದು ಬಿಗ್ ಎಂಡ್, ಅಂದರೆ ಕನೆಕ್ಟಿಂಗ್ ರಾಡ್‌ನ ಕೆಳತುದಿಯ ಬೇರಿಂಗ್. ಇನ್ನೊಂದು, ಎಂಜಿನ್ ವೇಗ ಏರಿದ ಹಾಗೆ ಹಿಟ್ಟಿನ ಗಿರಣಿಯಂತೆ ಗುಂಯ್ ಎನ್ನುತ್ತಾ ಏರುವುದು, ಕ್ಲಚ್ ಹಿಡಿದರೂ ಬದಲಾಗದ್ದು, ಕ್ರ್ಯಾಂಕ್‌ನ ಮೇನ್ ಬೇರಿಂಗ್. ನಿಂತ ಗಾಡಿಯ ಕೇಸ್ ಒಳಗೆ ತೇವ ಸೇರಿ ಈ ಬೇರಿಂಗ್‌ಗಳಿಗೆ ತುಕ್ಕು ಹಿಡಿಯುವುದುಂಟು.

ಮೇನ್ ಬೇರಿಂಗ್ ನೋಡಲು ಬಲಗಡೆಯ ಕವರ್ ತೆಗೆಯಿರಿ. ಡೈನಮೊದ ತಿರುಗುವ ಭಾಗ ನೇರವಾಗಿ ಕ್ರ್ಯಾಂಕ್ ಮೇಲೇ ಕೂತಿದೆ. ಅದನ್ನು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಡಬಾರದು. ಒಂದು ಕಡೆ ಉಜ್ಜಿ ಹೊಳೆಯುವ ಗುರುತು ಇದ್ದರೆ ಬೇರಿಂಗ್ ಸವೆದು ಅದು ಕಾಯಿಲ್ ಕಡೆಯ ಕಬ್ಬಿಣಕ್ಕೆ ತಾಗುತ್ತಿದೆ. ಪಾಯಿಂಟ್ ಗ್ಯಾಪ್ ಎಷ್ಟು ಸಲ ಸರಿಮಾಡಿದರೂ ನಿಲ್ಲದೇ ಇದ್ದರೂ ಇದೇ ಅನುಮಾನ ಪಡಬೇಕು, ಏಕೆಂದರೆ ಶಾಫ್ಟ್ ಅಲ್ಲಾಡಿದರೆ ಗ್ಯಾಪ್ ಕೂಡ ಅಲ್ಲಾಡುತ್ತದೆ. ನೋಡಿ, ಘಾಟಿಯ ಸದ್ದು, ಸ್ಲೋ ಏರುವುದು, ಪಾಯಿಂಟ್, ಎಲ್ಲವೂ ಈ ಬಲಗಡೆಯ ಒಂದು ಅಂಗೈ ಜಾಗಕ್ಕೇ ಬಂದು ಸೇರಬಹುದು. ಬೇರಿಂಗ್ ಆಡಿದರೆ ಸೀಲ್ ಕೂಡ ಬೇಗ ಹೋಗುತ್ತದೆ. ಅದಕ್ಕೇ ಮೊದಲು ತೆರೆಯಬೇಕಾದದ್ದು ಆ ಕವರ್.

ಒಂದು ಅನುಭವ ಹೇಳುತ್ತೇನೆ. ಕೆಲಸ ಕಲಿತು ಕೆಲವೇ ವರ್ಷ ಆಗಿದ್ದಾಗ ಒಬ್ಬ ಮೇಷ್ಟ್ರು ತಮ್ಮ ರೋಡ್‌ಕಿಂಗ್ ತಂದಿದ್ದರು. ತಳದಿಂದ ದಡ್ ದಡ್ ಸದ್ದು. ನಾನು ಬಿಗ್ ಎಂಡ್ ಎಂದು ತೀರ್ಮಾನಿಸಿ ಎಂಜಿನ್ ಇಳಿಸಿ ಸೀಳಿದೆ. ಕ್ರ್ಯಾಂಕ್ ಗಟ್ಟಿಮುಟ್ಟಾಗಿತ್ತು. ಫ್ರೇಮಿಗೆ ಎಂಜಿನ್ ಕೂರಿಸುವ ಬೋಲ್ಟಿನ ತೂತು ಸವೆದು, ಇಡೀ ಎಂಜಿನ್ ಗುದ್ದುತ್ತಿತ್ತು. ಮೇಷ್ಟ್ರು ಒಂದು ಮಾತೂ ಆಡಲಿಲ್ಲ, ಕೂಲಿ ಕೊಡಲು ಬಂದರು, ನಾನು ತೆಗೆದುಕೊಳ್ಳಲಿಲ್ಲ. ಅವತ್ತಿನಿಂದ ಹೊರಗಿನದೆಲ್ಲ ಮುಗಿಸದೆ ಒಳಗೆ ಕೈ ಹಾಕಿಲ್ಲ. ಎಂಜಿನ್ ಬೋಲ್ಟ್, ಎಕ್ಸಾಸ್ಟ್ ಕಾಲರ್, ಸೈಲೆನ್ಸರ್ ಒಳಗಿನ ಜಾಲರಿ ಕೊಳವೆ, ಚೈನ್ ಕವರ್, ಇವೆಲ್ಲ ಎಂಜಿನ್ ಸದ್ದಿನ ವೇಷ ಹಾಕಬಲ್ಲವು. ಉದ್ದನೆಯ ಸ್ಕ್ರೂಡ್ರೈವರ್‌ನ ಹಿಡಿಯನ್ನು ಕಿವಿಗೆ ಒತ್ತಿ, ತುದಿಯನ್ನು ಒಂದೊಂದೇ ಜಾಗಕ್ಕೆ ಇಟ್ಟು ಕೇಳಿ. ಸದ್ದು ಹುಟ್ಟುವ ಜಾಗದಲ್ಲಿ ಅದು ಕಿವಿಯೊಳಗೇ ಬಡಿದ ಹಾಗೆ ಕೇಳುತ್ತದೆ. ತಿರುಗುವ ಭಾಗದ ಹತ್ತಿರ ತೋಳು, ಟವೆಲ್ ಜೋಪಾನ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಪಾಯಿಂಟ್ ಗ್ಯಾಪ್, ಟೈಮಿಂಗ್, ಕಾರ್ಬೊರೇಟರ್ ಪ್ಯಾಕಿಂಗ್, ಪ್ಲಗ್ ಬಣ್ಣ ಸರಿಯಾಗಿ ಕಿಣಿಕಿಣಿ ನಿಂತುಬಿಟ್ಟರೆ, ಬೇರಿಂಗ್ ಆಡದಿದ್ದರೆ, ಪ್ರೈಮರಿ ಚೈನ್ ಬದಲಿಸಿ ಧೈರ್ಯವಾಗಿ ಓಡಿಸಿ. ಬೆಳಗಿನ ಟಕಟಕ ಇದ್ದರೂ ಇರಲಿ. ಇದರಲ್ಲಿರುವ ಅಪಾಯ ಒಂದೇ, ಸದ್ದು ನಿಧಾನವಾಗಿ ಜಾಸ್ತಿ ಆಗುವುದು ದಿನಾ ಕೇಳುವ ಕಿವಿಗೆ ಗೊತ್ತಾಗುವುದಿಲ್ಲ. ತಿಂಗಳಿಗೊಮ್ಮೆ ಫೋನ್‌ನಲ್ಲಿ ರೆಕಾರ್ಡ್ ಮಾಡಿಡಿ, ಅದೇ ಜಾಗ, ಅದೇ ತಣ್ಣನೆಯ ಎಂಜಿನ್.

ಪಿಸ್ಟನ್‌ನಲ್ಲಿ ಗೀರು ಇದ್ದು ಕ್ರ್ಯಾಂಕ್ ಚೆನ್ನಾಗಿದ್ದರೆ ಮೇಲಿನ ಕೆಲಸ ಸಾಕು. ಹೆಡ್, ಬ್ಲಾಕ್ ಬಿಚ್ಚಿ ಕರಿ ತೆಗೆಸಿ, ಬ್ಲಾಕ್ ಅಳತೆ ಮಾಡಿಸಿ, ಅಳತೆ ಹೇಳಿದರೆ ಮಾತ್ರ ಬೋರಿಂಗ್. ಬ್ಲಾಕ್ ಎತ್ತಿದಾಗ ಕನೆಕ್ಟಿಂಗ್ ರಾಡನ್ನು ನೆಟ್ಟಗೆ ಮೇಲಕ್ಕೂ ಕೆಳಕ್ಕೂ ಎಳೆದು ನೋಡಲು ಹೇಳಿ. ಅಡ್ಡಕ್ಕೆ ಸ್ವಲ್ಪ ಆಡುವುದು ಸಹಜ, ಮೇಲೆ ಕೆಳಗೆ ಒಂಚೂರೂ ಆಡಬಾರದು. ಆಡಿದರೆ ಬರೀ ಬೋರಿಂಗ್ ಮಾಡಿ ಮುಚ್ಚಬೇಡಿ, ದುಡ್ಡು ದಂಡ.

ಬೇರಿಂಗ್ ಅಥವಾ ಬಿಗ್ ಎಂಡ್ ಹೋಗಿದ್ದರೆ ಫುಲ್ ಎಂಜಿನ್ ಕೆಲಸ ತಪ್ಪದು. ಆಗ ಕ್ರ್ಯಾಂಕ್ ಒತ್ತಿ ಕೂರಿಸಿ ನೇರ ಮಾಡುವ ಕೆಲಸವೇ ಎಲ್ಲಕ್ಕಿಂತ ಮುಖ್ಯ. ಡಯಲ್ ಗೇಜ್ ಇಟ್ಟು ನೋಡುವ ಲೇತ್‌ನವರ ಹತ್ತಿರವೇ ಮಾಡಿಸಿ. ಸುತ್ತಿಗೆ ಮತ್ತು ಕಣ್ಣಂದಾಜಿನಲ್ಲಿ ಕೂರಿಸಿದ ಕ್ರ್ಯಾಂಕ್ ಹೊಸ ಬೇರಿಂಗನ್ನೂ ಸ್ವಲ್ಪ ದಿನದಲ್ಲಿ ತಿಂದುಹಾಕುತ್ತದೆ. ತೆಗೆದ ಹಳೇ ಸಾಮಾನೆಲ್ಲ ವಾಪಸ್ ಕೇಳಿ ಪಡೆಯಿರಿ. ಮೈಸೂರಿನ ಹಳೇ ಸಾಮಾನು ಎಷ್ಟೋ ಸಲ ಹೊಸದಕ್ಕಿಂತ ಗಟ್ಟಿ.

ದಾರಿಯಲ್ಲಿ ಎರಡು ಅಭ್ಯಾಸ ಇರಲಿ. ಏರಿನಲ್ಲಿ ಮೂರನೇ ಗೇರ್‌ನಲ್ಲಿ ಏದುಸಿರು ಬಿಡಿಸಬೇಡಿ, ಎರಡಕ್ಕೆ ಇಳಿಸಿ. ಇಳಿಜಾರಿನಲ್ಲಿ ಎಕ್ಸಲೇಟರ್ ಪೂರ್ತಿ ಮುಚ್ಚಿ ಗೇರ್‌ನಲ್ಲೇ ಉದ್ದಕ್ಕೂ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪೆಟ್ರೋಲ್ ಜೊತೆ ಬರುವ ಆಯಿಲ್ ಮಾತ್ರ ಬರುವುದಿಲ್ಲ. ಆಗಾಗ ಒಂಚೂರು ಎಕ್ಸಲೇಟರ್ ಕೊಡುತ್ತಾ ಇಳಿಯಿರಿ. ಓಡುವಾಗ ಶಕ್ತಿ ದಿಢೀರನೆ ಇಳಿದು ಎಂಜಿನ್ ಬಿಗಿಯಾದ ಹಾಗೆ ಅನಿಸಿದರೆ ಯೋಚನೆ ಮಾಡದೆ ಕ್ಲಚ್ ಹಿಡಿಯಿರಿ. ಪಿಸ್ಟನ್ ಹಿಡಿದುಕೊಂಡರೆ ಹಿಂದಿನ ಚಕ್ರವೂ ಲಾಕ್ ಆಗುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವ ತನಕ ಕಿಕ್ ಹೊಡೆಯಬೇಡಿ.

ಜುಲೈಗೆ ಇನ್ನೂ ಸಮಯ ಇದೆ. ಈ ಭಾನುವಾರ ಬಲಗಡೆಯ ಕವರ್ ತೆಗೆದು ಡೈನಮೊ ಅಲ್ಲಾಡಿಸಿ ನೋಡಿ, ಪಾಯಿಂಟ್ ಗ್ಯಾಪ್ ಅಳೆಯಿರಿ. ಆಮೇಲೆ ನಾನು ಹೇಳಿದ ಹಾಗೆ ಏರಿನಲ್ಲಿ ನಿಲ್ಲಿಸಿ ತೆಗೆದ ಪ್ಲಗ್‌ನ ಫೋಟೋ, ಬಿಸಿಲಿನಲ್ಲಿ ಹಿಡಿದು ತೆಗೆದದ್ದು, ನನಗೆ ಕಳಿಸಿ. ಮುಂದಿನ ಹೆಜ್ಜೆ ಅದನ್ನು ನೋಡಿ ಹೇಳುತ್ತೇನೆ.